ಮೂರನೆಯ ನೀರಿಗೆ ಮೊದಲು

ಸೋಮನೂರು
6 ಆಗಸ್ಟ್ 2025

ಪ್ರೀತಿಯ ಅವ್ವ,

ನಿನ್ನ ಮಂಡಿನೋವು ಹೇಗಿದೆ? ಅಣ್ಣ ತಂದುಕೊಟ್ಟ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲ ಶೀಶೆಯನ್ನು ಗೂಡಿನಲ್ಲಿಟ್ಟು ನೋಡುತ್ತಾ ಕೂತಿದ್ದೀಯೋ? ಫೋನಿನಲ್ಲಿ ಕೂಗಿದರೂ ನಿನಗೆ ಕೇಳಿಸದು, ಕೂಗಿ ಹೇಳುವ ಮಾತೂ ಇದಲ್ಲ. ಇವರ ಚಿಕ್ಕಪ್ಪನ ಮಗ ಅರವಿಂದ್ ನೂಲಿನ ಲೋಡು ತೆಗೆದುಕೊಂಡು ಈ ಸಂಜೆ ಕೊಳ್ಳೇಗಾಲಕ್ಕೆ ಹೊರಟಿದ್ದಾನೆ. ಅವನ ಕೈಯಲ್ಲೇ ಇದನ್ನು ಕೊಡುತ್ತೇನೆ.

ನಿನ್ನ ಮೊಮ್ಮಗಳು ಇಲಕ್ಕಿಯಾಗೆ ಹೋದ ವಾರವೆಲ್ಲ ಸುಡುವ ಜ್ವರ. ಕಣ್ಣು ಕೆಂಪು, ನಾಲಿಗೆ ಕೆಂಪು, ಮೈತುಂಬ ದದ್ದು. ಇಲ್ಲಿ ಮಾರಿಯಮ್ಮನ ಆಡಿ ತಿಂಗಳು ಬೇರೆ. ಅಮ್ಮ ಬಂದಿದ್ದಾಳೆ ಎಂದು ಅತ್ತೆ ಬಾಗಿಲಿಗೆ ಬೇವು ಕಟ್ಟಿದರು, ಒಗ್ಗರಣೆ ನಿಲ್ಲಿಸಿದರು, ಮಾತ್ರೆ ಕೊಡಬಾರದೆಂದರು. ಒಂದು ಗುಳ್ಳೆಗೂ ನೀರು ತುಂಬಲಿಲ್ಲವಲ್ಲ ಎಂದರೆ, ತಾಯಿಯನ್ನೇ ಪರೀಕ್ಷೆ ಮಾಡುತ್ತೀಯಾ ಎಂದು ಕಣ್ಣು ಬಿಟ್ಟರು. ಕೆಟ್ಟವರಲ್ಲ ಅವ್ವ, ನಿದ್ದೆಗೆಟ್ಟು ಬೇವಿನ ಸೊಪ್ಪಿನಿಂದ ಮಗುವಿನ ಮೈ ಸವರಿದವರೂ ಅವರೇ.

ಈಗ ಬೆರಳ ತುದಿಯಲ್ಲಿ, ಉಗುರಿನ ಸಂದಿಯಿಂದ, ಚರ್ಮ ಸುಲಿಯುತ್ತಿದೆ. ಬೆಳ್ಳುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ ಎದ್ದು ಬರುತ್ತದೆ. ಅತ್ತೆಗೆ ಸಂತೋಷವೋ ಸಂತೋಷ. "ತಾಯಿ ಇಳೀತಾ ಅವ್ಳೆ ಕಣಮ್ಮ. ಮೂರು ತಣ್ಣಿ ಹುಯ್ಯೋಗಂಟ ಮಗೂನ ವಾಸಲು ದಾಟುಸ್ಬ್ಯಾಡ" ಎಂದರು. ಮೂರು ಸಲ ತಲೆಗೆ ನೀರು ಹಾಕುವವರೆಗೆ ಹೊಸಿಲು ದಾಟಿಸುವಂತಿಲ್ಲ, ಒಂದು ನೀರು ಆಗಿದೆ. ಮೂರನೆಯದು ಬರುವ ಮಂಗಳವಾರ.

ನನಗೆ ತಡೆಯಲಾಗಲಿಲ್ಲ. ಬೆಳಿಗ್ಗೆ ನನಗೇ ತಲೆನೋವೆಂದು ಹೇಳಿ ಡಾಕ್ಟರಮ್ಮನ ಹತ್ತಿರ ಹೋಗಿ, ಫೋನಿನಲ್ಲಿ ತೆಗೆದ ಬೆರಳಿನ ಫೋಟೋ ತೋರಿಸಿದೆ. ಚರ್ಮ ಸುಲಿಯಲು ನೂರು ಕಾರಣ ಎಂದರು. ಬ್ಲೀಚಿಂಗ್ ನೀರು ತಾಕಿದರೂ ಸುಲಿಯುತ್ತದಂತೆ, ಹುಳುಕಡ್ಡಿಗೂ, ಔಷಧಿ ಒಗ್ಗದಿದ್ದರೂ, ಗಂಟಲ ಜ್ವರ ಬಂದು ಹೋದ ಮೇಲೂ. ಆದರೆ ಜ್ವರ, ಕಣ್ಣು, ನಾಲಿಗೆ ಎಲ್ಲ ಕೇಳಿದ ಮೇಲೆ ಅವರ ಮುಖ ಬದಲಾಯಿತು. ಕವಾಸಾಕಿ ಎಂದೊಂದು ಕಾಯಿಲೆಯಂತೆ, ಚಿಕ್ಕ ಮಕ್ಕಳ ಹೃದಯದ ರಕ್ತನಾಳ ಊದಿಸುತ್ತದಂತೆ. ಅದೇ ಇರಬಹುದು, ನಾಳೆಯೇ ಕೊಯಮತ್ತೂರಿಗೆ ಕರೆದೊಯ್ದು ಹೃದಯದ ಸ್ಕ್ಯಾನ್ ಮಾಡಿಸಿ, ಮಂಗಳವಾರದವರೆಗೆ ಕಾಯಲೇಬೇಡಿ ಎಂದರು.

ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಇವರಿಗೆ ಎಲ್ಲ ಹೇಳಿದೆ. ತಟ್ಟೆಯ ಮುಂದೆ ತಲೆ ತಗ್ಗಿಸಿ, ಅಮ್ಮನ ಮಾತು ಮೀರಿ ಏನಾದರೂ ಆದರೆ ಎಂದರು. ಇನ್ನೇನು ಆಗಬೇಕು ಅವ್ವ? ಮಗು ಆಡುತ್ತಾ ಆಡುತ್ತಾ ಸುಸ್ತಾಗಿ ಕೂತುಬಿಡುತ್ತದೆ. ಅದರ ಎದೆಗೆ ಕಿವಿಯಿಟ್ಟು ಕೇಳುತ್ತೇನೆ, ನನಗೇನು ತಿಳಿಯುತ್ತದೆ? ಹುಚ್ಚು ಹಿಡಿದಂತಾಗಿದೆ.

ಅಣ್ಣನಿಗೂ ಅತ್ತಿಗೆಗೂ ಕೇಳಿದೆನೆಂದು ಹೇಳು. ಮರೆಯದೆ ಎಣ್ಣೆ ಹಚ್ಚು.

ನಿನ್ನ ಮಗಳು
ಮಾದೇವಿ

ತಾ.ಕ.: ಬೆಳಗಿನ ಮೊದಲ ಬಸ್ಸಿಗೆ ಮಗುವನ್ನು ಎತ್ತಿಕೊಂಡು ಹೋಗುತ್ತೇನೆ. ಯಾರಿಗೂ ಹೇಳಿಲ್ಲ. ಗೊತ್ತಾದ ಕೂಡಲೇ ಅತ್ತೆ ಅಣ್ಣನ ಫೋನಿಗೆ ಮಾಡುತ್ತಾರೆ. ನಿನ್ನ ಮೈಮೇಲೆ ತಾಯಿ ಬರುವುದನ್ನು ನನ್ನ ಮದುವೆಯಲ್ಲಿ ಕಣ್ಣಾರೆ ಕಂಡವರು ಅವರು, ನಿನ್ನ ಮಾತಿಗೆ ಎದುರಾಡುವುದಿಲ್ಲ. ಮಗುವನ್ನು ಆಸ್ಪತ್ರೆಗೆ ಕಳಿಸು ಎಂದು ತಾಯಿಯೇ ನುಡಿದಳು ಎಂದುಬಿಡು. ಅವಳ ಹೆಸರಲ್ಲಿ ನೀನು ಸುಳ್ಳಾಡುವವಳಲ್ಲ, ಗೊತ್ತು. ಇವತ್ತು ರಾತ್ರಿಯೇ ದೀಪ ಹಚ್ಚಿ ಅವಳನ್ನು ಕೇಳಿಬಿಡು. ಅವಳು ಬೇಡವೆಂದರೂ, ಅವ್ವ, ನೀನು ಮಾತ್ರ ಅವಳು ಹೂಂ ಎಂದಳೆನ್ನು.