ಸ್ವಿಚ್ ಒತ್ತಿದ್ದು ಯಾರು

ಫೆಬ್ರವರಿ 18, ಭಾನುವಾರ

ರೊಟ್ಟಿ ತಟ್ಟುತ್ತಲೇ ಓದಿದೆ. ನಲವತ್ತೊಂದನೇ ಪುಟಕ್ಕೆ ಹಿಟ್ಟು ಮೆತ್ತಿಕೊಂಡಿದೆ.

ಎಂ.ಎ. ಆರನೇ ಪೇಪರ್ — ಇಸ್ಲಾಮಿನ ತತ್ತ್ವಚಿಂತನೆ. ಎರಡು ಸಲ ಫೇಲ್. ಈ ಮಾರ್ಚ್ 18 ಕೊನೇ ಅವಕಾಶ. ಐವತ್ಮೂರನೇ ವಯಸ್ಸಿಗೆ ಇದೆಲ್ಲ ಬೇಕಿತ್ತಾ ಅಂತ ಊರೆಲ್ಲ ಕೇಳಿಯಾಯಿತು. ಬೇಕಿತ್ತು.

ವಿಶ್ವಾಸದ ಆರು ಅಂಶ ಬಾಯಿಗೆ ಬಂದಿವೆ. ದೇವರು, ದೇವದೂತರು, ಗ್ರಂಥಗಳು, ಪ್ರವಾದಿಗಳು, ಕಡೆಯ ದಿನ, ವಿಧಿ. ನನಗೆ ತೊಡಕು ಆರನೆಯದರಲ್ಲಿ. ಮನುಷ್ಯ ಮಾಡುವುದನ್ನೆಲ್ಲ ದೇವರೇ ಮಾಡಿಸುತ್ತಾನಾ, ಮನುಷ್ಯನೇ ಮಾಡುತ್ತಾನಾ... ಇದೊಂದಕ್ಕೇ ಎಷ್ಟು ಪಂಗಡ. ಜೋರಾಗಿ ಓದಿದರೇ ನನ್ನ ತಲೆಗೆ ಹತ್ತುವುದು. ಇವರು ಜಗಲಿಯಲ್ಲಿ ಕೂತು ಕೇಳಿಸಿಕೊಂಡರು. ಅಲ್ಲೇ ಎಡವಟ್ಟಾಯಿತು.

ಫೆಬ್ರವರಿ 20

ಕಾಫಿ ಮೊಗ್ಗು ಬಲಿತಿದೆ. ಸ್ಪ್ರಿಂಕ್ಲರ್ ಹಾಕಿದರೆ ಒಂಬತ್ತನೇ ದಿನಕ್ಕೆ ಹೂ. ಹಾಕದಿದ್ದರೆ ಬಿಸಿಲಿಗೆ ಮೊಗ್ಗು ಸುಟ್ಟು ವರ್ಷದ ಫಸಲು ಹೋಯಿತು. ಪೈಪ್ ಜೋಡಿಸಿ ಅಂದೆ.

"ನೀನೇ ಓದ್ದಲ್ಲೇ, ಮನುಷ್ಯ ಗಾಳಿಲಿ ಹಾರೋ ಗರಿ ಇದ್ದಂಗೆ ಅಂತ. ಗರಿ ಎಲ್ಲಾದ್ರೂ ಪೈಪ್ ಹೊರ್ತದಾ?"

ಅದು ಜಬರಿಯಾ ಪಂಗಡದ ಮಾತು, ಉಳಿದವರು ಒಪ್ಪಲಿಲ್ಲ ಅಂದೆ. ನಂಗೆ ಒಪ್ಪಿಗೆ ಐತೆ ಅಂದು ಪೇಪರ್ ಅಡ್ಡ ಹಿಡಿದರು.

ಫೆಬ್ರವರಿ 23

ಇವತ್ತು ಮುಅ್‌ತಜಿಲಾ. ತನ್ನ ಕೆಲಸಕ್ಕೆ ಮನುಷ್ಯನೇ ಕರ್ತೃ. ಇಲ್ಲದಿದ್ದರೆ ದೇವರು ಶಿಕ್ಷೆ ಕೊಡುವುದು ನ್ಯಾಯವಲ್ಲ. ಜಗಲಿಗೆ ಕೇಳಲಿ ಅಂತ ಬೇಕೆಂದೇ ಎರಡು ಸಲ ಓದಿದೆ. ಸರಿಯಾಗಿ ಅದೇ ಹೊತ್ತಿಗೆ ಇವರಿಗೆ ಹೊಸಕೋಟೆಯಲ್ಲಿ ಅರ್ಜೆಂಟ್ ಕೆಲಸ ಬಂತು.

ಫೆಬ್ರವರಿ 26

ಮುರ್ಜಿಯಾ. ಪಾಪ ಮಾಡಿದವನು ವಿಶ್ವಾಸಿಯೋ ಅಲ್ಲವೋ, ಆ ತೀರ್ಪು ದೇವರಿಗೆ ಬಿಡಿ, ಮುಂದೂಡಿ ಅಂದವರು.

"ಈ ಜನ ಒಳ್ಳೇರು ಕಣೆ."

ಅವರು ಮುಂದೂಡಿದ್ದು ತೀರ್ಪನ್ನ ಕಣ್ರೀ, ಪೈಪನ್ನಲ್ಲ ಅಂದೆ.

ಮಾರ್ಚ್ 4

ಪಕ್ಕದ ರಂಗಸ್ವಾಮಿಯವರ ತೋಟದಲ್ಲಿ ಎರಡು ದಿನದಿಂದ ಸ್ಪ್ರಿಂಕ್ಲರ್ ಟಿಕ್ ಟಿಕ್ ಅನ್ನುತ್ತಿದೆ. ಅದನ್ನು ಕೇಳುತ್ತಾ ಓದುವುದು ಹೇಗೆ. ಸಿಟ್ಟಿಗೆ ನಾನೇ ಹೋಗಿ ಪಂಪ್ ಹಾಕಿದೆ. ಗೊರ ಗೊರ ಅಂತು, ನೀರೆತ್ತಲಿಲ್ಲ. "ನೋಡ್ದಾ" ಅಂದರು. ಮಾತು ಬಿಟ್ಟಿದ್ದೇನೆ.

ಮಾರ್ಚ್ 5, ಮಧ್ಯಾಹ್ನ

ಆಲೂರಿನಿಂದ ಮೆಕ್ಯಾನಿಕ್ ದಸ್ತಗೀರ್ ಬಂದ. ಫುಟ್‌ವಾಲ್ವ್ ಬಿಚ್ಚುತ್ತಿದ್ದವನನ್ನು ಕೇಳಿಯೇಬಿಟ್ಟೆ — ಅಶ್‌ಅರಿ, ಮಾತುರೀದಿ, ಅಸರಿ, ಈ ಮೂರು ಪಂಗಡದಲ್ಲಿ ನೀವು ಯಾವುದು? ಪಾಪ, ಕಕ್ಕಾಬಿಕ್ಕಿಯಾದ. ಗ್ರೀಸ್ ಕೈಯಲ್ಲೇ ಅವರ ಮಸೀದಿಯ ಹಜ್ರತ್‌ಗೆ ಫೋನ್ ಹಚ್ಚಿದ. ತಮ್ಮಂಥ ಹನಫಿಗಳು ಹೆಚ್ಚಾಗಿ ಮಾತುರೀದಿ ಅಂತೆ.

"ಐವತ್ತು ವರ್ಷದಿಂದ ನಾನು ಅದೇ ಆಗಿದ್ದೀನಿ, ನಂಗೇ ಗೊತ್ತಿರ್ನಿಲ್ಲ ನೋಡಮ್ಮ." ಖುಷಿಯೋ ಖುಷಿ.

ಇವರು ಬಿಡಬೇಕಲ್ಲ. "ಎಲ್ಲ ಅವನೇ ಮಾಡ್ಸೋದು ಅಂದ್ಮೇಲೆ ನೀನ್ಯಾಕೆ ವಾಷರ್ ಹಾಕ್ತೀಯೋ ಮಾರಾಯ?"

"ನೀರು ಎತ್ಸೋನು ಅವನೇ ಮಾದೇವಯ್ಯೋರೆ. ಆದ್ರೆ ನಾನು ವಾಷರ್ ಹಾಕ್ದೆ ಕೂತ್ಕಂಡು, ನೀರು ಬರ್ನಿಲ್ಲ ಅಂತ ಅವನ ಮೇಲೆ ಹೇಳಕಾಗ್ತದಾ?"

"ಹೂ ಬಿಟ್ಟ ದಿನಾನೇ ಮಳೆ ಹುಯ್ದು ಎಲ್ಲ ಹೋಗ್ಬುಟ್ರೆ?"

"ಮಳೆ ಲೆಕ್ಕ ಅವನು ನನ್ನ ಕೇಳಲ್ಲ. ವಾಷರ್ ಒಂದೇ ಕೇಳೋದು."

ಇವರು ಬಿಚ್ಚಿಟ್ಟ ಹಳೇ ವಾಷರ್ ಕೈಗೆತ್ತಿಕೊಂಡರು. ಆಮೇಲೆ ನಿಧಾನಕ್ಕೆ, "ಹೋದ್ವರ್ಷ ನಾನೇ ಹಾಕ್ದೆ. ನಾನೇ ಕಳ್ದೆ" ಅಂದರು.

ಆಗ ಹೊಳೆಯಿತು. ಹೋದ ವರ್ಷ ಸ್ವಿಚ್ ಒತ್ತಿದ್ದು ಇವರೇ. ಒಂಬತ್ತನೇ ದಿನ ತೋಟವೆಲ್ಲ ಬೆಳ್ಳಗೆ. ಮಧ್ಯಾಹ್ನ ಮಳೆ. ಅರಳಿದ ದಿನ ನೆನೆದ ಹೂ ಕಾಯಿ ಕಟ್ಟುವುದಿಲ್ಲ. ಅವತ್ತಿನಿಂದ ಇವರು ಪಂಪ್‌ಹೌಸಿನ ಬೀಗದ ಕೈ ಮುಟ್ಟಿಲ್ಲ. ನಾನು ಸೋಮಾರಿತನ ಅಂದುಕೊಂಡಿದ್ದೆ. ಹೆದರಿದ್ದಾರೆ. ಇಷ್ಟು ದಿನ ಬೈದದ್ದಕ್ಕೆ ತುಂಬಾ ಬೇಜಾರಾಯಿತು.

ಮಾರ್ಚ್ 9, ಬೆಳಿಗ್ಗೆ 8

ನಿನ್ನೆ ಶಿವರಾತ್ರಿ. ಉಪವಾಸದಲ್ಲೇ ಅಶ್‌ಅರಿ ಪಾಠ ಮುಗಿಸಿದೆ. ಕ್ರಿಯೆಯನ್ನು ಸೃಷ್ಟಿಸುವವನು ದೇವರು, ಅದನ್ನು ತನ್ನದು ಮಾಡಿಕೊಳ್ಳುವವನು ಮನುಷ್ಯ. ಇದಕ್ಕೆ ಕಸ್ಬ್ ಅನ್ನುತ್ತಾರೆ. ಎರಡು ಸಲ ಫೇಲಾದದ್ದು ಇದರಲ್ಲೇ.

ಪೈಪ್ ಮೊನ್ನೆಯೇ ಜೋಡಿಸಿ ಆಗಿತ್ತು. ಇವತ್ತು ಎದ್ದವರೇ ಇವರು ಬೀಗದ ಕೈ ತೆಗೆದುಕೊಂಡರು. ನಾನೂ ಹಿಂದೆ ಹೋದೆ. ಸ್ವಿಚ್ ಮುಂದೆ ನಿಂತರು. ನಿಂತೇ ಇದ್ದರು.

"ನೀನೂ ಕೈ ಇಡು."

ಅಷ್ಟು ಸಣ್ಣ ಸ್ವಿಚ್‌ನಲ್ಲಿ ಎರಡು ಬೆರಳಿಗೆ ಜಾಗವೆಲ್ಲಿ. ನನ್ನ ಬೆರಳು ಕೆಳಗೆ, ಅವರದು ಮೇಲೆ. ಒತ್ತಿದೆವು. ನೀರು ಬಂತು. ಕಸ್ಬ್ ಏನು ಅಂತ ನನಗೆ ಈಗ ಚೆನ್ನಾಗಿ ಗೊತ್ತು.

ಇಷ್ಟು ಬರೆದಾದ ಮೇಲೆ ಎಣಿಸಿದೆ. ಒಂಬತ್ತನೇ ದಿನ ಮಾರ್ಚ್ 18. ನಾನು ಹಾಸನದಲ್ಲಿ ಪರೀಕ್ಷೆ ಬರೆಯುತ್ತಿರುತ್ತೇನೆ. ಇಲ್ಲಿ ಇವರೊಬ್ಬರೇ ಮೋಡ ನೋಡುತ್ತಾ...

ಮಾರ್ಚ್ 18, ಸಂಜೆ 5

ಬಂತು ಪ್ರಶ್ನೆ. ಹದಿನಾರು ಮಾರ್ಕಿನದು. 'ಮಾನವ ಕ್ರಿಯೆಯ ಕರ್ತೃ ಯಾರು? ವಿವಿಧ ಪಂಗಡಗಳ ನಿಲುವು ವಿವರಿಸಿ.' ಹತ್ತಿ ಸುಡುವುದು ಬೆಂಕಿಯೋ ದೇವರೋ ಅನ್ನುವ, ಪುಸ್ತಕದಲ್ಲಿದ್ದ ಉದಾಹರಣೆ ಬರೆಯಬೇಕಿತ್ತು. ಪಂಪ್-ಸ್ವಿಚ್ ಬರೆದೆ. ಅಡಿಷನಲ್ ಶೀಟ್ ಎರಡು. ನೋಡುವವರು ಕಾಫಿ ಕಡೆಯವರಾದರೆ ಪಾಸು.

ಬಸ್ಸಿಳಿದಾಗಲೇ ಘಮ. ತೋಟ ಬೆಳ್ಳಗೆ ನಿಂತಿದೆ. ಇವರು ಗೇಟಿನಲ್ಲಿ, ಹೋಗಿ ಬರುವವರನ್ನೆಲ್ಲ ನಿಲ್ಲಿಸಿಕೊಂಡು — "ಸರ್ಯಾದ್ ಟೈಮಿಗೆ ನಾನು ಹಾಕ್ದೆ ಕಣ್ರೀ. ಅದಕ್ಕೇ ಈ ಹೂ." ಗರಿಯಾಗಿದ್ದವರು ಒಂದೇ ದಿನದಲ್ಲಿ ಪಕ್ಕಾ ಮುಅ್‌ತಜಿಲಾ.

5.40

ಬಿಸಿಲೆ ಘಾಟಿ ಕಡೆ ಆಕಾಶ ಕಪ್ಪಗಾಗಿದೆ. ಗುಡುಗಿತು. ಇವರು ಒಳಗೆ ಬಂದರು.

"ಕಲ್ಯಾಣಿ, ಆ ಗರಿ ಪುಟ ಯಾವ್ದು? ಇನ್ನೊಂದ್ಸಲ ಓದು."

ನಗು ಬಂತು. ಅವರ ಮುಖ ನೋಡಿ ನಿಂತೂ ಹೋಯಿತು. ಪುಸ್ತಕ ತೆಗೆಯಲಿಲ್ಲ. ಬೆರಳು ತೋರಿಸಿದೆ. "ಮೇಲಿದ್ದದ್ದು ನಿಮ್ದು, ಕೆಳಗಿದ್ದದ್ದು ನಂದು. ಹೋದ್ರೆ ಇಬ್ಬರದೂ ಹೋಗ್ತದೆ" ಅಂದೆ.

ಇವರು ಹೊರಗೆ ಹೋದರು. ಜಗಲಿಯಲ್ಲಿ ಎರಡು ಕುರ್ಚಿ ಹಾಕಿ ಕರೆಯುತ್ತಿದ್ದಾರೆ. ಬೀಳುವುದಾದರೆ ಮೊದಲ ಹನಿಯನ್ನು ಈ ಸಲ ಅವರೊಬ್ಬರೇ ನೋಡಬಾರದು. ಅದಕ್ಕೇ ಪೆನ್ನು ಇಲ್ಲಿಗೆ