ಕೋವಿ ಬರುವವರೆಗೆ ಒಂದು ವಾಚು

ಅಪ್ಪ,

ಮತ್ತೆ ಎಲೆಕ್ಷನ್ ಬಂತು. ಊರಿನವರೆಲ್ಲ ಯಾರು ಗೆಲ್ಲುತ್ತಾರೆ ಎಂದು ಮಾತಾಡುತ್ತಿದ್ದರೆ ನನಗೆ ನೆನಪಾದದ್ದು ನಿಮ್ಮ ಸಪ್ಪೆ ಮುಖ. ಚುನಾವಣೆ ಘೋಷಣೆಯಾದ ಕೂಡಲೇ ಲೈಸೆನ್ಸ್ ಇದ್ದವರೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಲ್ಲ. ಬೇರೆ ಬೆಳೆಗಾರರು ಗೋಣಿಯಲ್ಲಿ ಸುತ್ತಿ ಜೀಪಿನ ಹಿಂದೆ ಎಸೆದುಕೊಂಡು ಹೋಗುತ್ತಿದ್ದರು. ನೀವು ಮಾತ್ರ ಅಮ್ಮನಿಂದ ಹೊಲಿಸಿದ ಫ್ಲಾನೆಲ್ ಚೀಲದಲ್ಲಿಟ್ಟು, ಮಗುವನ್ನು ಹಾಸ್ಟೆಲಿಗೆ ಬಿಡಲು ಹೋಗುವವರ ಹಾಗೆ ಹೊರಡುತ್ತಿದ್ದಿರಿ. ವಾಪಸ್ ಬಂದವರು ಊಟಕ್ಕೆ ಏಳುತ್ತಿರಲಿಲ್ಲ. "ಆ ತುಕ್ಕು ಹಿಡಿದ ಕೋವಿಗಳ ಪಕ್ಕ ಒರಗಿಸಿದ್ದಾರೆ ಕಣೇ. ನಳಿಗೆಗೆ ನಳಿಗೆ ತಾಗ್ತಾ ಇದೆ" ಎಂದು ಅಮ್ಮನ ಹತ್ತಿರ ಗೊಣಗುತ್ತಿದ್ದಿರಿ. ನನ್ನನ್ನು ನಿಜವಾಗಿ ಹಾಸ್ಟೆಲಿಗೆ ಬಿಟ್ಟ ದಿನ ಇಷ್ಟು ಬೇಜಾರಾಗಿತ್ತಾ ನಿಮಗೆ? ಕೇಳಬೇಕು ಅಂತಿದ್ದೆ...

ಹಾಸ್ಟೆಲಿನಿಂದ ರಜೆಗೆ ಬಂದಾಗಲೇ ಅಲ್ಲವೇ ನೀವು ಕೋವಿಯನ್ನು ನನ್ನ ಕಿವಿಯ ಹತ್ತಿರ ಹಿಡಿದದ್ದು? "ನೋಡ್ಬೇಡ, ಕೇಳು" ಎಂದು ಖಾಲಿ ಜೋಡಿ ನಳಿಗೆಯನ್ನು ಮಡಚಿ, ಮತ್ತೆ ಮುಚ್ಚಿದಿರಿ. ಒಳ್ಳೆಯ ಬೀರುವಿನ ಬಾಗಿಲು ತಾನಾಗಿ ಕೂತಂಥ ಮೆತ್ತನೆಯ ಸದ್ದು. ಉಕ್ಕಿನ ಪಕ್ಕೆಯ ಮೇಲೆ ಇಂಗ್ಲೆಂಡಿನ ಯಾವನೋ ಕೆಲಸಗಾರ ಕೆತ್ತಿದ ಎರಡು ಬಾತುಕೋಳಿ. ಅವುಗಳ ಒಂದೊಂದು ಗರಿಯನ್ನೂ ಭೂತಗನ್ನಡಿಯಲ್ಲಿ ತೋರಿಸಿದಿರಿ. ಕಾನ್ವೆಂಟಿನಲ್ಲಿ ಅಹಿಂಸೆಯ ಬಗ್ಗೆ ಪ್ರಬಂಧ ಬರೆದು ಬಹುಮಾನ ತಂದಿದ್ದ ನಾನು ಸುಮ್ಮನಿರಲಿಲ್ಲ. "ಕೊಲ್ಲೋ ವಸ್ತುವಿಗೆ ಇಷ್ಟು ಚಂದ ಯಾಕಪ್ಪ?" ನೀವು ಭೂತಗನ್ನಡಿಯನ್ನು ಕೆಳಗಿಟ್ಟು, "ಮಾಡಿದವನಿಗೆ ಗೊತ್ತು" ಅಂದಿರಿ. ಅದು ಉತ್ತರವೇ? ನನಗೆ ಇಂದಿಗೂ ತಿಳಿದಿಲ್ಲ. ತೋಟಕ್ಕೆ ಹಂದಿ ನುಗ್ಗಿದರೂ ನೀವು ಹಚ್ಚುತ್ತಿದ್ದದ್ದು ಪಟಾಕಿ. ಕೋವಿಯೊಳಗೆ ಮಸಿ ಹಿಡಿಯುತ್ತದೆ ಎಂಬ ಚಿಂತೆ!

ಹಮೀದ್ ಸಾಹೇಬ್ರು ಇದನ್ನೇ ಹಿಡಿದು ನಿಮ್ಮನ್ನು ಕಾಡುತ್ತಿದ್ದದ್ದು. ಕಳಸ ಪೇಟೆಯಲ್ಲಿ ಕಾಳುಮೆಣಸಿನ ವ್ಯಾಪಾರ, ತಲೆಯಲ್ಲಿ ಮಾತ್ರ ಕೀ ಕೊಡುವ ಹಳೇ ಸ್ವಿಸ್ ವಾಚುಗಳ ಹುಚ್ಚು. ಮೆಣಸು ನೋಡಲು ಬಂದವರು ಮೆಣಸು ಮರೆತು ಜಗಲಿಯಲ್ಲಿ ಕೂರುತ್ತಿದ್ದರು.

"ಗೌಡ್ರೇ, ನಿಮ್ಮದು ವರ್ಷಕ್ಕೊಂದು ಸಲನೂ ಬಾಯಿ ಬಿಡಲ್ಲ. ನಮ್ಮದು ನೋಡಿ, ಒಂದು ನಿಮಿಷ ಸುಮ್ನಿರಲ್ಲ."

"ಸದ್ದು ಮಾಡೋದೇ ದೊಡ್ಡಸ್ತಿಕೆ ಆದ್ರೆ ನಮ್ಮನೆ ಮಿಕ್ಸಿನೂ ಮಾಡುತ್ತೆ ಮಾರಾಯ್ರೇ!"

ಅಂಥವರು ಒಂದು ಎಲೆಕ್ಷನ್ನಿನಲ್ಲಿ, ಊಟ ಬಿಟ್ಟು ಕೂತಿದ್ದ ನಿಮ್ಮನ್ನು ನೋಡಲಾರದೆ, ತಮ್ಮ ವಾಚುಗಳಲ್ಲೆಲ್ಲ ಒಳ್ಳೆಯದನ್ನೇ ಕೈಯಿಂದ ಬಿಚ್ಚಿದರು. "ಕೋವಿ ಬರೋವರೆಗೆ ಇದನ್ನ ಕಟ್ಕೊಳ್ಳಿ. ಬಂದ ದಿನ ಬಿಚ್ಚಿ ಕೊಡಿ." ಅಲ್ಲಿಂದ ಅದೇ ನಿಮ್ಮಿಬ್ಬರ ಕಾನೂನಾಯಿತು. ಕೋವಿ ಹೋದರೆ ವಾಚು ಬರುತ್ತದೆ, ಕೋವಿ ಬಂದರೆ ವಾಚು ಹೋಗುತ್ತದೆ.

ಆಯುಧ ಪೂಜೆಗೆ ಕೋವಿ ಠಾಣೆಯಲ್ಲೇ ಉಳಿದ ವರ್ಷ ನೆನಪಿದೆಯೇ? ಕೋವಿ ಇಡುವ ಮಣೆ ಖಾಲಿ ಬಿಡಬಾರದೆಂದು ನೀವು ಅಲ್ಲಿ ವಾಚನ್ನಿಟ್ಟಿರಿ. ಇಟ್ಟದ್ದಲ್ಲದೆ ಧಾರಾಳವಾಗಿ ಕುಂಕುಮವನ್ನೂ ಹಚ್ಚಿದಿರಿ. ಕೀ ಕೊಡುವ ತಿರುಪಿನೊಳಗೆ ಕುಂಕುಮ ಸೇರಿ ವಾಚು ನಿಂತೇ ಹೋಯಿತು. ಸಾಹೇಬ್ರು ತಲೆ ಮೇಲೆ ಕೈ ಹೊತ್ತರು. "ಇದೇನು ಆಯುಧವಾ ಗೌಡ್ರೇ?" "ಮತ್ತೆ? ಇಡೀ ಊರನ್ನ ಹೆದರಿಸಿ ಓಡಿಸೋದು ಅದೇ ಅಲ್ವಾ?" ಕೋಪದಲ್ಲಿದ್ದವರಿಗೇ ನಗು ಬಂತು. ರಿಪೇರಿಯಾದ ಮೇಲೂ ಆ ತಿರುಪಿನ ಬುಡದಲ್ಲಿ ಒಂದು ಕೆಂಪು ಗೆರೆ ಉಳಿದಿದೆ.

ಕಳೆದ ಚುನಾವಣೆಯಲ್ಲಿ ಕೋವಿ ವಾಪಸ್ ಬರುವ ಮೊದಲೇ ನೀವು ಹೊರಟುಬಿಟ್ಟಿರಿ. ಆಸ್ಪತ್ರೆಯಲ್ಲಿ ನರ್ಸ್ ಬಿಚ್ಚಿ ನನ್ನ ಕೈಗಿಟ್ಟದ್ದು ಹಮೀದ್ ಸಾಹೇಬ್ರ ವಾಚು. ತಿಥಿ ಮುಗಿದ ಮೇಲೆ ಕಳಸಕ್ಕೆ ತೆಗೆದುಕೊಂಡು ಹೋದೆ. ಅವರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು.

"ಕೋವಿ ಬಂತಾ ಶೈಲಮ್ಮ?"

"ಇಲ್ಲ ಸಾಹೇಬ್ರೇ. ಅಪ್ಪನೇ ಇಲ್ಲವಲ್ಲ, ಅದು ಇನ್ನು..."

"ಹಾಗಾದ್ರೆ ವಾಚೂ ತಗೊಳ್ಳಲ್ಲ. ಗೌಡ್ರ ಹತ್ರ ಆಗಿರೋ ಮಾತು."

ನಮ್ಮಲ್ಲಿ ಯಾರಾದರೂ ಲೈಸೆನ್ಸ್ ಮಾಡಿಸಿಕೊಳ್ಳದಿದ್ದರೆ ಕೋವಿ ಮತ್ತೆ ಮನೆಗೆ ಬರುವಂತಿರಲಿಲ್ಲ. ಸುಧೀರನಿಗೆ ಬೇಡವಾಗಿತ್ತು. "ಮಾರಿಬಿಡೋಣ ಅಕ್ಕ. ನಿಂಗೆ ಕೋವಿ ಯಾಕೆ? ಜಿರಲೆ ಕಂಡ್ರೆ ಕುರ್ಚಿ ಹತ್ತುತ್ತೀಯ." ತಮ್ಮ ಹೇಳಿದ್ದು ಸುಳ್ಳೇನಲ್ಲ. ನನಗೆ ಬೇಕಾಗಿದ್ದದ್ದು ಕೋವಿಯೇ, ಅಥವಾ ಅದನ್ನು ಒರೆಸುತ್ತಿದ್ದ ನೀವೇ? ನೀವೇ ಆದರೆ ಒಂದು ಫೋಟೋ ಸಾಲದೇ? ಹೀಗೆಲ್ಲ ಯೋಚಿಸುತ್ತಲೇ ಮಳೆಗಾಲ ಕಳೆಯಿತು. ಕೊನೆಗೆ ಒಂದು ಸಲ ನೋಡಿಯಾದರೂ ಬರೋಣ ಎಂದು ಠಾಣೆಗೆ ಹೋದೆ. ಫ್ಲಾನೆಲ್ ತೇವ ಹೀರಿಕೊಂಡಿತ್ತು. ಒಂದು ಬಾತುಕೋಳಿಯ ರೆಕ್ಕೆಯ ಮೇಲೆ ತುಕ್ಕಿನ ಚುಕ್ಕೆ. ನಾನು ಅಲ್ಲೇ ಸೆರಗಿನಿಂದ ಉಜ್ಜತೊಡಗಿದೆ, ಅಪ್ಪ. ಯಾರು ನೋಡುತ್ತಿದ್ದಾರೆ ಎನ್ನುವುದೂ ನೆನಪಾಗಲಿಲ್ಲ.

"ಯಜಮಾನ್ರ ಹೆಸರಿಗೆ ಮಾಡಿಸೋದಾ ಮೇಡಂ?" ಎಂದರು ಅಲ್ಲಿದ್ದ ಪೊಲೀಸರು.

"ಅಲ್ಲ, ನನ್ನ ಹೆಸರಿಗೆ."

"ಹೊಡಿಯೋಕೆ ಬರುತ್ತಾ?"

"ಒರೆಸೋಕೆ ಬರುತ್ತೆ."

ಹೊಡೆಯುವುದನ್ನೂ ಕಲಿಯಬೇಕಾಯಿತು. ತರಬೇತಿ ಮುಗಿಸಿದ ದಿನ ಭುಜ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಚಿಕ್ಕಮಗಳೂರಿಗೆ ಅದೆಷ್ಟೋ ಸಲ ಅಲೆದ ಮೇಲೆ ಲೈಸೆನ್ಸ್ ಬಂತು, ಅದರ ಹಿಂದೆ ಕೋವಿಯೂ ಮನೆಗೆ ಬಂತು. ಹಮೀದ್ ಸಾಹೇಬ್ರು ವಾಚು ತೆಗೆದುಕೊಳ್ಳಲು ತಾವೇ ಬಂದರು. ನಿಮ್ಮ ಕುರ್ಚಿಯ ಎದುರಿನ ಕುರ್ಚಿಯಲ್ಲಿ ಕೂತು, "ಒಂದ್ಸಲ ಮುಚ್ಚು, ಕೇಳೋಣ" ಎಂದರು. ನಳಿಗೆ ಮಡಚಿ ಮುಚ್ಚಿದೆ. ಕಣ್ಣು ಮುಚ್ಚಿಕೊಂಡೇ, "ಇನ್ನೊಂದ್ಸಲ" ಎಂದರು. ಆಮೇಲೆ ಹೇಳಿದ್ದು ಇದು: "ಒಳ್ಳೇ ಸದ್ದು ಕಣಮ್ಮ. ನಮ್ಮ ಯಾವ ವಾಚಿಗೂ ಇಲ್ಲ. ಗೌಡ್ರಿಗೆ ಮಾತ್ರ ಹೇಳ್ಬೇಡ." ಇಷ್ಟು ದಿನ ಹೇಳಿರಲಿಲ್ಲ. ಇವತ್ತು ಹೇಳಿದ್ದೇನೆ.

ಇವತ್ತು ಬೆಳಿಗ್ಗೆ ಕೋವಿಯನ್ನು ಠಾಣೆಗೆ ಒಪ್ಪಿಸಿದೆ. ಹೊಸ ಫ್ಲಾನೆಲ್ ಚೀಲ, ಎಣ್ಣೆ ಹಚ್ಚಿದ ಬಟ್ಟೆ ಒಳಗೆ. ಗೋಡೆಗೆ ಒರಗಿಸುವಾಗ ಪಕ್ಕದ ಕೋವಿ ತಾಗದಂತೆ ನಡುವೆ ಒಂದು ಟವೆಲ್ ತುರುಕಿ ಬಂದೆ. ಮನೆಗೆ ಬಂದು ತಟ್ಟೆಯ ಮುಂದೆ ಕೂತರೆ ಅನ್ನ ಇಳಿಯಲಿಲ್ಲ. ಕೊಲ್ಲುವ ವಸ್ತುವಿಗೆ ಇಷ್ಟು ಚಂದ ಯಾಕೆ ಎಂದು ಕೇಳಿದವಳ ಗತಿ ನೋಡಿ! ಅಷ್ಟರಲ್ಲಿ ಜೀಪಿನ ಸದ್ದು ಕೇಳಿಸಿತು. ಹಮೀದ್ ಸಾಹೇಬ್ರು ಮೆಟ್ಟಿಲು ಹತ್ತುತ್ತಲೇ ಕೈಯಿಂದ ವಾಚು ಬಿಚ್ಚುತ್ತಿದ್ದರು.

"ಸಾಹೇಬ್ರೇ, ಅದು ನೀವು ಮತ್ತು ಅಪ್ಪ..."

"ಕೋವಿ ಯಾರ ಹೆಸರಲ್ಲಿದೆ? ಕೈ ಕೊಡು."

ನಿಮ್ಮ ಕೈಯ ಅಳತೆಗೆ ಸವೆದ ಪಟ್ಟಿ ನನಗೆ ಸಡಿಲವಾಗಿ ಜಾರುತ್ತದೆ ಅಂದುಕೊಂಡೆ. ಜಾರಲಿಲ್ಲ. ನೀವು ಕಟ್ಟುತ್ತಿದ್ದ ತೂತಿನಿಂದ ಒಳಗಡೆಗೆ, ಚರ್ಮದಲ್ಲಿ ಇನ್ನೊಂದು ಹೊಸ ತೂತು ಇತ್ತು. ಕಳಸದಲ್ಲೇ ಹಾಕಿಸಿಕೊಂಡು ಬಂದಿದ್ದರು.

ಆಮೇಲೆ ಇಬ್ಬರೂ ಊಟ ಮಾಡಿದೆವು, ಅಪ್ಪ. ಕೋವಿ ಬಂದ ದಿನ ಬಿಚ್ಚಿ ಕೊಡುತ್ತೇನೆ. ಕುಂಕುಮ ಹಚ್ಚುವುದಿಲ್ಲ.

ನಿಮ್ಮ ಶೈಲಾ