ನೀಲಿ ರಟ್ಟಿನ ನೋಟ್‌ಬುಕ್ಕು

ಹಿಂದಿನ ಕೋಣೆಯಿಂದ,
ಗುರುವಾರ, ಮಾರ್ಚ್ ೧೨

ಪ್ರೀತಿಯ ಪುಟ್ಟೀ,

ಹೇಗಿದ್ದೀಯೆ? ಸೊಂಟನೋವು ಇಳಿಯಿತೆ? ಪಾಠದ ನಡುವೆ ಸ್ವಲ್ಪ ಕೂತುಕೋ. ಲೆಕ್ಕದ ಟೀಚರು ಕೂತರೆ ಲೆಕ್ಕವೇನೂ ತಪ್ಪುವುದಿಲ್ಲ. ನನ್ನ ಮಂಡಿ ಹೇಗೋ ನಡೆಸಿಕೊಂಡು ಹೋಗುತ್ತಿದೆ. ಈ ವಿಷಯ ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಮನೆಯ ಮುಂಭಾಗವನ್ನು ಅಪ್ಪನ ಸ್ಮಾರಕ ಸಂಗ್ರಹಾಲಯ ಮಾಡುತ್ತಿರುವುದು ನಿನಗೆ ಗೊತ್ತೇ ಇದೆ. ಭಾನುವಾರ ಉದ್ಘಾಟನೆ. ಸುತ್ತಲ ಹತ್ತು ಹಳ್ಳಿಗೆ ಒಬ್ಬರೇ ಕವಿ ಎಂದು ಊರಿಗೆ ಊರೇ ಓಡಾಡುತ್ತಿದೆ. ಅವರ ಕನ್ನಡಕ, ಪೆನ್ನು, ಸವೆದ ಚಪ್ಪಲಿ ಎಲ್ಲಕ್ಕೂ ಗಾಜಿನ ಪೆಟ್ಟಿಗೆ ಬಂದಿದೆ. ಆ ಚಪ್ಪಲಿ ಹೊಸ್ತಿಲು ದಾಟಿದರೆ ನಾನು ರಾದ್ಧಾಂತ ಮಾಡುತ್ತಿದ್ದೆ. ಈಗ ಅದರ ಮೇಲೊಂದು ದೀಪ ಬೇರೆ.

ನಿನ್ನೆ ಬೆಳಿಗ್ಗೆ ಅಲ್ಲಿನ ಮೇಲ್ವಿಚಾರಕಿ ಹುಡುಗಿ ಅಪ್ಪನ ಬೀಗದ ಟ್ರಂಕು ತೆಗೆದು, ನೀಲಿ ರಟ್ಟಿನ ನೋಟ್‌ಬುಕ್ಕೊಂದನ್ನು ನನ್ನ ಕೈಗಿಟ್ಟಳು. "ಅಮ್ಮಾ, ಪ್ರಶಸ್ತಿ ಬಂದ ಪುಸ್ತಕದ ಪದ್ಯಗಳೆಲ್ಲ ಇದ್ರಲ್ಲಿವೆ. ಅಕ್ಷರ ಮಾತ್ರ ಅವರದ್ದಲ್ಲ. ಯಾರು ನಕಲು ಮಾಡಿಕೊಟ್ಟಿದ್ದು?" ತೆರೆದೆ. ನಿನ್ನ ಅಕ್ಷರ, ಪುಟ್ಟೀ. ಬಾಲ ಸುತ್ತಿಸಿ ಬರೆಯುವ ನಿನ್ನ 'ಳ'. ನನಗೂ ಮೊದಲು ನಕಲೇ ಅನ್ನಿಸಿತು. ಆದರೆ ಪುಟ ತಿರುವಿದರೆ ಬರೆದು ಹೊಡೆದು ಹಾಕಿದ ಸಾಲುಗಳು, ಬದಲಿಸಿದ ಪದಗಳು, ಅವನ್ನೂ ಹೊಡೆದು ಮತ್ತೆ ಬರೆದದ್ದು. ನಕಲು ಮಾಡುವವರು ಪದಕ್ಕಾಗಿ ಹೀಗೆ ತಡಕಾಡುತ್ತಾರೆಯೆ? ಪ್ರತಿ ಪದ್ಯದ ಕೆಳಗೂ ತಾರೀಖು, ಎಲ್ಲ ಒಂದೇ ಬೇಸಿಗೆಯವು. ಆ ಬೇಸಿಗೆಯಲ್ಲಿ ಅಪ್ಪ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಲ್ಲಿದ್ದರು. ನೀನು ದೂರದ ಸೋದರತ್ತೆಯ ಮನೆಯಲ್ಲಿದ್ದೆ. ಹೇಳಿ ಬರೆಸಿದ್ದೂ ಅಲ್ಲ.

ಕೊನೆಯ ಪುಟದಲ್ಲಿ ನೀನು ಬರೆದಿದ್ದೆ: "ಅಪ್ಪಾ, ತಪ್ಪಿದ್ದರೆ ತಿದ್ದಿಕೊಡಿ." ಅದರ ಕೆಳಗೆ ಅವರ ಕೆಂಪು ಶಾಯಿ: "ತಿದ್ದುವಂಥದ್ದು ಏನೂ ಇಲ್ಲ."

ಹಗ್ಗ ಕಟ್ಟಿ ಪ್ರದರ್ಶನಕ್ಕಿಟ್ಟಿದ್ದ ಅವರ ಕುರ್ಚಿಯ ಮೇಲೆ ಧೊಪ್ಪನೆ ಕೂತುಬಿಟ್ಟೆ. "ಅಯ್ಯೋ ಅಮ್ಮಾ, ಅದ್ರ ಮೇಲೆ ಕೂರಬಾರ್ದು" ಎಂದ ಹುಡುಗಿ ನನ್ನ ಮುಖ ನೋಡಿ ನೀರು ತರಲು ಓಡಿದಳು.

ಆ ಪ್ರಶಸ್ತಿ ಬಂದ ದಿನ ಮನೆ ತುಂಬ ಜನ. ನೀನು ಯಾರಿಗೂ ಮುಖ ಕೊಡದೆ ಹಿತ್ತಲಿಗೆ ಹೋಗಿ ನಿಂತಿದ್ದೆ. "ಅಪ್ಪನ ಏಳಿಗೆಗೇ ಹೊಟ್ಟೆ ಉರ್ಕೊಳ್ಳೋ ಮಗಳನ್ನ ನಾನೆಲ್ಲೂ ನೋಡ್ಲಿಲ್ಲ ಕಣೇ" ಎಂದು ನೆಂಟರೆದುರೇ ಬೈದೆ. ಹತ್ತೊಂಬತ್ತರ ಹುಡುಗಿ ಅದನ್ನು ಹೇಗೆ ನುಂಗಿಕೊಂಡೆಯೋ! ಆಮೇಲೆ ನೀನು ಒಂದು ಸಾಲೂ ಬರೆದದ್ದನ್ನು ನಾನು ಕಾಣೆ. ಏಕೆಂದು ಕೇಳಲೂ ಇಲ್ಲ.

ಸಂಜೆ ನಿನ್ನ ಚಿಕ್ಕಪ್ಪ ಬಂದರು; ಸಂಗ್ರಹಾಲಯದ ಸಮಿತಿಗೆ ಅಧ್ಯಕ್ಷರು ಅವರೇ. ನೋಟ್‌ಬುಕ್ಕು ತೋರಿಸಿದೆ. "ಅತ್ತಿಗೆ, ಸತ್ತೋರ ಮಾನ ತೆಗೀಬೇಡಿ. ಮಗಳು ನಕಲು ಮಾಡಿದ್ದು ಅಂತ ಚೀಟಿ ಅಂಟಿಸಿದ್ರಾಯ್ತು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ." "ಬದುಕಿರೋಳ ಮಾನ ಕಾಯೋರು ಯಾರು?" ಎಂದೆ. ಚಹಾ ಮುಟ್ಟದೆ ಎದ್ದು ಹೋದರು. ಅವರಿಗೆ ಆಶ್ಚರ್ಯವೇ ಆಗಲಿಲ್ಲ, ಪುಟ್ಟೀ. ನನಗದು ಇನ್ನೊಂದು ಪೆಟ್ಟು. ನಲವತ್ತು ವರ್ಷ ಜೊತೆಗಿದ್ದವರ ಫೋಟೋದ ಕಡೆ ನಿನ್ನೆಯಿಂದ ತಲೆ ಎತ್ತಿ ನೋಡಲಾಗುತ್ತಿಲ್ಲ.

ಅಳಿಯಂದಿರನ್ನು ಕೇಳಿದೆನೆಂದು ಹೇಳು, ಮಕ್ಕಳಿಗೆ ಮುತ್ತು. ನೀನು ನೂರು ಕಾಲ ಚೆನ್ನಾಗಿರು. ಸಾಧ್ಯವಾದರೆ ನನ್ನನ್ನು ಕ್ಷಮಿಸು.

ನಿನ್ನ
ಅಮ್ಮ

ತಾ.ಕ.: ಕೊರಿಯರಿನವನು ಬಾಗಿಲಲ್ಲಿ ನಿಂತಿದ್ದಾನೆ. ನೋಟ್‌ಬುಕ್ಕು ಈ ಪೊಟ್ಟಣದಲ್ಲೇ ಇದೆ; ನಿನ್ನದು ನಿನಗೆ. ಭಾನುವಾರದ ಸಭೆಯಲ್ಲಿ ಮೊದಲು ಮಾತಾಡಲು ನನ್ನನ್ನೇ ಕರೆದಿದ್ದಾರೆ. ಆದರೆ ನಿನ್ನನ್ನು ಕೇಳದೆ ನಿನ್ನ ವಿಷಯವನ್ನು ಈ ಮನೆಯಲ್ಲಿ ಇನ್ನು ಯಾರೂ ತೀರ್ಮಾನಿಸಕೂಡದು, ನಾನೂ ಸಹ. ನೀನು ಹೂಂ ಅಂದರೆ ಆ ಪುಸ್ತಕ ಯಾರದೆಂದು ವೇದಿಕೆಯ ಮೇಲೆಯೇ ಹೇಳುತ್ತೇನೆ. ಬೇಡ ಅಂದರೆ ಸಭೆಗೆ ಹೋಗುವುದೇ ಇಲ್ಲ. ಅಲ್ಲಿ ಕೂತು ಚಪ್ಪಾಳೆ ತಟ್ಟುವುದು ಮಾತ್ರ ನನ್ನಿಂದಾಗದು. ಶನಿವಾರ ಇಡೀ ದಿನ ಫೋನಿನ ಪಕ್ಕದಲ್ಲೇ ಕೂತಿರುತ್ತೇನೆ.